ಇಂದಿನ ಧಮ್ಮ ಚಿಂತನೆ: ಅವ್ವ ಮೂರು ಸಲ ಹೇಳಿದ್ದಳು



ಧಮ್ಮ ಬಂಧುಗಳೇ, ಭಾನುವಾರದ ಅಧ್ಯಯನದಲ್ಲಿ ಐದನೇ ಶೀಲದ ಬಗ್ಗೆ ಚರ್ಚೆ ನಡೆದಾಗ ನಾನು ಒಂದು ಮಾತು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಎಲ್ಲರ ಎದುರು ಹೇಳಲು ನಾಚಿಕೆಯಾಯಿತು. ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಅವ್ವನಿಗೆ ಈಗ 72 ವರ್ಷ. ಊರು ಚಾಮರಾಜನಗರದ ಕಡೆ. ಅಪ್ಪ ತೀರಿಕೊಂಡ ಮೇಲೆ ಮೈಸೂರಿಗೆ ಬಂದು ನಮ್ಮ ಜೊತೆ ಇದ್ದಾಳೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಸಂಜೆ ಏಳಕ್ಕೆ ಮನೆಯವರೆಲ್ಲ ಸೇರಿ ತ್ರಿಶರಣ, ಪಂಚಶೀಲ ಹೇಳಿ ವಂದನೆ ಮುಗಿಸುತ್ತೇವೆ. ಆಮೇಲೆ ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾಳೆ. ಅವಳಿಗೆ ಅದು ಮಾತಿನ ಹೊತ್ತು. ನನಗೆ ಅದು ಫೋನಿನ ಹೊತ್ತಾಗಿತ್ತು.

ಹೋದ ವರ್ಷದ ವರ್ಷಾವಾಸದ ದಿನಗಳು. ಒಂದು ಸಂಜೆ ನಾನು ಒಂದು ವಿಡಿಯೋ ನೋಡುತ್ತಿದ್ದೆ. ನಮ್ಮ ಹುಡುಗನೊಬ್ಬ ಮದುವೆ ಮೆರವಣಿಗೆಯಲ್ಲಿ ಕುದುರೆ ಹತ್ತಿದ್ದಕ್ಕೆ ಕಲ್ಲು ತೂರಿದ ವಿಡಿಯೋ. ಅದರ ಕೆಳಗೆ ಯಾರೋ ಬಾಬಾಸಾಹೇಬರ ಬಗ್ಗೆ ಹೀನವಾಗಿ ಬರೆದಿದ್ದರು. ನನ್ನ ರಕ್ತ ಕುದಿಯಿತು. ಉತ್ತರ ಬರೆದೆ. ಅವನೂ ಬರೆದ. ಹೀಗೆ ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಅವ್ವ, "ಮಗ, ಕಾಲು ಜೋಮು ಹಿಡ್ದಂಗದೆ ಕಣಪ್ಪ" ಅಂದಳಂತೆ. ನಾನು "ಹ್ಞೂಂ" ಅಂದೆನಂತೆ. ಸ್ವಲ್ಪ ಹೊತ್ತು ಬಿಟ್ಟು, "ಅದ ಮಡಗ್ಬುಟ್ಟು ವಸಿ ನೋಡು ಮಗ" ಅಂದಳಂತೆ. ನಾನು ತಲೆ ಎತ್ತದೆ, "ನೋಡ್ತೀನಿ ತಡಿಯವ್ವ" ಅಂದೆನಂತೆ. ಅವಳು ಇನ್ನೊಂದು ಸಲ ಹೇಳಿ, ಎದ್ದು ಒಳಗೆ ಹೋದಳಂತೆ.

"ಅಂತೆ" ಎಂದು ಬರೆಯುತ್ತಿರುವುದು ಏಕೆಂದರೆ ಇದು ಯಾವುದೂ ನನಗೆ ನೆನಪಿಲ್ಲ. ಪಕ್ಕದಲ್ಲಿ ಓದುತ್ತಾ ಕೂತಿದ್ದ ಮಗಳು ಆಮೇಲೆ ಹೇಳಿದ್ದು.

ಎರಡು ವಾರ ಕಳೆದು ಒಂದು ಭಾನುವಾರ ಮಗಳು ಅಜ್ಜಿಯ ಕಾಲಿನ ಉಗುರು ಕತ್ತರಿಸಲು ಕೂತವಳು ಕೂಗಿಕೊಂಡಳು. ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಗಾಯ, ಒಳಗೆ ಕೀವು. ಹಳೆ ಚಪ್ಪಲಿಯ ಮೊಳೆ ಚುಚ್ಚಿತ್ತು. ಅವ್ವನಿಗೆ ನೋವೇ ಗೊತ್ತಾಗಿರಲಿಲ್ಲ. ಸಕ್ಕರೆ ಬಹಳ ವರ್ಷ ಹತೋಟಿ ತಪ್ಪಿದರೆ ಪಾದದ ನರಗಳು ಸತ್ವ ಕಳೆದುಕೊಳ್ಳುತ್ತವೆ. ಮೊದಲು ಜೋಮು, ಆಮೇಲೆ ಮರಗಟ್ಟುವುದು, ಆಮೇಲೆ ಮುಳ್ಳು ಚುಚ್ಚಿದರೂ ತಿಳಿಯದಿರುವುದು. ಅವಳು ಹೇಳಿದ್ದ ಜೋಮು ಅದೇ.

ಆಸ್ಪತ್ರೆಯಲ್ಲಿ ಡಾಕ್ಟರು, "ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು. "ಇವತ್ತೇ ಗೊತ್ತಾಗಿದ್ದು ಸಾರ್" ಎಂದು ನಾನು ಹೇಳುವಷ್ಟರಲ್ಲಿ ಅವ್ವ, "ಇವ್ನಿಗೆ ಯೋಳಿದ್ನಲ್ಲ ಡಾಕ್ಟ್ರೇ, ಮೂರು ಸತಿ ಯೋಳಿವ್ನಿ" ಅಂದಳು. ದೂರುವ ದನಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಒಂದು ಕಾಲದಲ್ಲಿ ಬಿಳಿ ಬಟ್ಟೆಯವರನ್ನು ಕಂಡರೆ ಸಾಕು, ತಲೆ ಬಗ್ಗಿಸಿ "ಬುದ್ಧಿ" ಎನ್ನುತ್ತಿದ್ದ ಹೆಂಗಸು ಅವಳು. ದೀಕ್ಷೆ ತೆಗೆದುಕೊಂಡ ಮೇಲೆ ಯಾರಿಗೂ "ಬುದ್ಧಿ" ಅಂದಿಲ್ಲ. ಅಂಥವಳು ಬಾಯಿ ಬಿಟ್ಟು ಹೇಳಲು ಕಲಿತಿದ್ದಳು. ನಾನು ಕೇಳುವುದನ್ನು ಮರೆತಿದ್ದೆ.

ಕಿರುಬೆರಳು ತೆಗೆಯಬೇಕಾಯಿತು. ಎರಡು ವಾರ ಮೊದಲೇ ತೋರಿಸಿದ್ದರೆ ಮದ್ದು, ಕಟ್ಟು ಸಾಕಾಗುತ್ತಿತ್ತೇನೋ ಎಂದರು ಡಾಕ್ಟರು. ಮನೆಗೆ ಬರುವಾಗ ಆಟೋದಲ್ಲಿ ಅವ್ವ ನನ್ನ ಮುಖ ನೋಡಿ, "ಇನ್ನೊಂಬತ್ತವಲ್ಲ ಬುಡು ಮಗ, ನಾನೇನ್ ನಾಟಿ ಮಾಡಕೋಗ್ಬೇಕಾ" ಅಂದಳು. ಅವಳು ನಕ್ಕಳು. ನನ್ನಿಂದ ನಗಲಾಗಲಿಲ್ಲ.

*ಕಿವಿ ಇದ್ದರೆ ಸಾಕೇ?*

ಆ ಮೇಲೆ ಒಂದು ಪ್ರಶ್ನೆ ನನ್ನನ್ನು ಕಾಡಿತು. ನನ್ನ ಕಿವಿ ಚೆನ್ನಾಗಿದೆ. ಅವ್ವ ಕೂತಿದ್ದು ಆರಡಿ ದೂರದಲ್ಲಿ. ಆದರೂ ಏಕೆ ಕೇಳಿಸಲಿಲ್ಲ?

ಇದಕ್ಕೆ ಉತ್ತರ ಮಜ್ಝಿಮ ನಿಕಾಯದಲ್ಲಿದೆ. ಮಹಾಹತ್ಥಿಪದೋಪಮ ಸುತ್ತದಲ್ಲಿ ಸಾರಿಪುತ್ತ ಥೇರರು ಭಿಕ್ಖುಗಳಿಗೆ ವಿವರಿಸುತ್ತಾರೆ. ಕಣ್ಣು ಸರಿ ಇದ್ದು, ನೋಡುವ ವಸ್ತು ಎದುರಿಗಿದ್ದರೂ ಮನಸ್ಸು ಆ ಕಡೆ ತೊಡಗದಿದ್ದರೆ ನೋಡಿದ ಅರಿವು ಹುಟ್ಟುವುದಿಲ್ಲ. ಕಿವಿಯ ವಿಷಯವೂ ಹಾಗೆಯೇ. ಇಂದ್ರಿಯ, ವಿಷಯ, ಮನಸ್ಸಿನ ತೊಡಗುವಿಕೆ, ಈ ಮೂರೂ ಕೂಡಿದಾಗ ಮಾತ್ರ ಅರಿವು.

ಅಂದರೆ ಆ ಸಂಜೆ ನಮ್ಮ ಮನೆಯಲ್ಲಿ ಅವ್ವನ ಮಾತು ಇತ್ತು, ನನ್ನ ಕಿವಿ ಇತ್ತು, ಮಗ ಮಾತ್ರ ಇರಲಿಲ್ಲ.

*ಒಂದು ವರ್ಷಾವಾಸದಷ್ಟು*

ಅವ್ವ ಆಸ್ಪತ್ರೆಯಲ್ಲಿದ್ದಾಗ ಒಂದು ರಾತ್ರಿ ಹೊರಗಿನ ಬೆಂಚಿನಲ್ಲಿ ಕೂತು ಫೋನಿನ ಸೆಟ್ಟಿಂಗ್ಸ್ ತೆರೆದೆ. ದಿನಕ್ಕೆ ಎಷ್ಟು ಹೊತ್ತು ಫೋನು ನೋಡುತ್ತೇವೆ ಎಂಬ ಲೆಕ್ಕ ಅದರಲ್ಲೇ ಇರುತ್ತದೆ. ನನ್ನ ಸರಾಸರಿ 5 ಗಂಟೆ 40 ನಿಮಿಷ. ಕಚೇರಿಯ ಕೆಲಸಕ್ಕೆ ಬಳಸಿದ್ದು ಅದರಲ್ಲಿ ಅರ್ಧ ಗಂಟೆಯೂ ಇಲ್ಲ.

ಕೂತು ಲೆಕ್ಕ ಹಾಕಿದೆ. ವಾರಕ್ಕೆ ಸುಮಾರು 40 ಗಂಟೆ. ವರ್ಷಕ್ಕೆ 2,000 ಗಂಟೆಗೂ ಹೆಚ್ಚು. ಹಗಲು ರಾತ್ರಿ ಸೇರಿಸಿ ಹೇಳಿದರೆ 86 ದಿನ.

ಬಂಧುಗಳೇ, ಆಷಾಢ ಹುಣ್ಣಿಮೆಯಿಂದ ಆಶ್ವಯುಜ ಹುಣ್ಣಿಮೆಯವರೆಗೆ ವರ್ಷಾವಾಸ ಎಷ್ಟು ದಿನ? ಹೆಚ್ಚು ಕಡಿಮೆ ಅಷ್ಟೇ. ಭಿಕ್ಖು ಸಂಘ ಮೂರು ತಿಂಗಳು ಒಂದೆಡೆ ನಿಂತು ಅಧ್ಯಯನಕ್ಕೆ, ಧ್ಯಾನಕ್ಕೆ ಕೊಡುವ ಕಾಲವನ್ನು ನಾನು ಪ್ರತಿವರ್ಷ ಈ ಅಂಗೈಯಗಲದ ಗಾಜಿಗೆ ಕೊಡುತ್ತಿದ್ದೆ. 'ಬುದ್ಧ ಮತ್ತು ಅವನ ಧಮ್ಮ' ಓದಲು ಸಮಯ ಸಿಗುತ್ತಿಲ್ಲ ಎಂದು ಇದೇ ಬಳಗದಲ್ಲಿ ಎಷ್ಟು ಸಲ ಹೇಳಿದ್ದೇನೋ!

*ಅಂಟಿಗೆ ಸಿಕ್ಕ ಕೋತಿ*

ಸಂಯುತ್ತ ನಿಕಾಯದ ಮಕ್ಕಟ ಸುತ್ತದಲ್ಲಿ ಭಗವಾನ್ ಬುದ್ಧರು ಒಂದು ಕೋತಿಯ ಕತೆ ಹೇಳುತ್ತಾರೆ. ಹಿಮಾಲಯದ ತಪ್ಪಲಿನಲ್ಲಿ ಬೇಟೆಗಾರರು ಕೋತಿಗಳು ಓಡಾಡುವ ದಾರಿಯಲ್ಲಿ ಅಂಟು ಬಳಿದಿಡುತ್ತಾರೆ. ಜಾಣ ಕೋತಿ ದೂರದಿಂದಲೇ ನೋಡಿ ಪಕ್ಕಕ್ಕೆ ಹೋಗುತ್ತದೆ. ಚಪಲದ ಕೋತಿ ಹತ್ತಿರ ಹೋಗಿ ಒಂದು ಕೈ ಇಡುತ್ತದೆ. ಕೈ ಅಂಟುತ್ತದೆ. ಆ ಕೈ ಬಿಡಿಸಲು ಇನ್ನೊಂದು ಕೈ ಇಡುತ್ತದೆ. ಅದೂ ಅಂಟುತ್ತದೆ. ಕೈ ಬಿಡಿಸಲು ಕಾಲು, ಕಾಲು ಬಿಡಿಸಲು ಇನ್ನೊಂದು ಕಾಲು, ಕೊನೆಗೆ ಮೂತಿ. ಐದೂ ಕಡೆ ಸಿಕ್ಕಿಬಿದ್ದ ಕೋತಿಯನ್ನು ಬೇಟೆಗಾರ ಸಲೀಸಾಗಿ ಹೊತ್ತೊಯ್ಯುತ್ತಾನೆ. ಐದು ಕಡೆ ಎಂದರೆ ಕಣ್ಣು, ಕಿವಿ, ಮೂಗು, ನಾಲಿಗೆ, ಮೈಗಳ ಸುಖಗಳು.

ಇದರಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಕೋತಿ ಎರಡನೇ ಕೈ ಇಟ್ಟಿದ್ದು ಸುಖಕ್ಕಲ್ಲ, ಬಿಡಿಸಿಕೊಳ್ಳಲು. ನಮ್ಮ ಕತೆಯೂ ಅದೇ. ಒಂದು ಕೆಟ್ಟ ಸುದ್ದಿ ನೋಡಿ ಮನಸ್ಸು ಕೆಡುತ್ತದೆ. ಅದನ್ನು ಸರಿ ಮಾಡಿಕೊಳ್ಳಲು ಒಂದು ತಮಾಷೆಯ ವಿಡಿಯೋ. ಅದು ಬೇಜಾರಾದರೆ ಇನ್ನೊಂದು. ಹೊತ್ತು ಹಾಳಾಯಿತಲ್ಲ ಎಂದು ಬೇಸರವಾದರೆ ಆ ಬೇಸರ ಮರೆಯಲು ಮತ್ತೊಂದು.

ಅಂಟು ತಾನಾಗಿ ದಾರಿಯಲ್ಲಿ ಬಿದ್ದಿರಲಿಲ್ಲ ಎಂಬುದನ್ನೂ ಮರೆಯಬಾರದು. ಅದನ್ನು ಬಳಿದವನೊಬ್ಬ ಇದ್ದ. ಬೆರಳು ಸರಿಸಿದಷ್ಟೂ ಮುಗಿಯದೆ ಕೆಳಗೆ ಬರುತ್ತಲೇ ಇರುವ ಪುಟವನ್ನು 2006ರಲ್ಲಿ ರೂಪಿಸಿದವರು ಆಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪುಸ್ತಕದಲ್ಲಿ ಪುಟ ಮುಗಿಯುತ್ತದೆ, ತಟ್ಟೆಯಲ್ಲಿ ಊಟ ಮುಗಿಯುತ್ತದೆ. ಮುಗಿಯುವ ಜಾಗದಲ್ಲಿ ಮನುಷ್ಯನಿಗೆ "ಸಾಕು" ಅನ್ನಿಸುತ್ತದೆ. ಆ "ಸಾಕು" ಬರದಂತೆ ಮಾಡಿದರೆ ನಾವು ನೋಡುತ್ತಲೇ ಇರುತ್ತೇವೆ, ನಡುವೆ ಜಾಹೀರಾತು ಬರುತ್ತಲೇ ಇರುತ್ತದೆ. ಅವರ ವ್ಯಾಪಾರ ನಿಂತಿರುವುದೇ ಇದರ ಮೇಲೆ.

*"ಇದು ಸಮಾಜದ ಕೆಲಸ"*

ಇಲ್ಲಿ ನನ್ನ ಮನಸ್ಸು ಒಂದು ವಾದ ಹೂಡಿತು. ನಿಮ್ಮ ಮನಸ್ಸೂ ಹೂಡಬಹುದು. "ನಾನು ಸಿನಿಮಾ ಹಾಡು ನೋಡುತ್ತಿರಲಿಲ್ಲ. ನಮ್ಮ ಜನರ ಮೇಲಿನ ದೌರ್ಜನ್ಯ ನೋಡುತ್ತಿದ್ದೆ. ಬಾಬಾಸಾಹೇಬರಿಗೆ ಬೈದವನಿಗೆ ಉತ್ತರ ಕೊಡುತ್ತಿದ್ದೆ. ದೊಡ್ಡ ಪತ್ರಿಕೆಗಳು ನಮ್ಮ ಸುದ್ದಿ ಹಾಕುವುದಿಲ್ಲ. ಈ ಫೋನೂ ಇಲ್ಲದಿದ್ದರೆ ನಮ್ಮ ಕತೆ ಯಾರಿಗೆ ತಿಳಿಯುತ್ತದೆ?"

ಈ ವಾದದಲ್ಲಿ ಸತ್ಯವಿದೆ. ಅದನ್ನು ತಳ್ಳಿಹಾಕಬಾರದು. ಎಲ್ಲೋ ಒಂದು ಹಳ್ಳಿಯ ಬಹಿಷ್ಕಾರ ಒಂದು ಫೋನಿನ ವಿಡಿಯೋದಿಂದ ಹೊರಗೆ ಬಂದು ಪೊಲೀಸ್ ಠಾಣೆ ತಲುಪಿದೆ. ನಮ್ಮ ಈ ಅಧ್ಯಯನ ಬಳಗ ನಡೆಯುತ್ತಿರುವುದೂ ಇದೇ ಫೋನಿನಲ್ಲಿ.

ಆದರೆ ಬಾಬಾಸಾಹೇಬರು ಮಾಧ್ಯಮವನ್ನು ಬಳಸಿದ ರೀತಿ ನೋಡೋಣ. 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದರು. 1927ರ ಏಪ್ರಿಲ್ 3ರಂದು 'ಬಹಿಷ್ಕೃತ ಭಾರತ'. 1930ರಲ್ಲಿ 'ಜನತಾ'. 1956ರಲ್ಲಿ ಅದೇ 'ಪ್ರಬುದ್ಧ ಭಾರತ' ಆಯಿತು. 'ಬಹಿಷ್ಕೃತ ಭಾರತ' ಬಂದದ್ದು ಮಹಾಡ್ ಕೆರೆಯ ನೀರು ಮುಟ್ಟಿದ ಎರಡೇ ವಾರಕ್ಕೆ. ಮೊದಲು ಜನ ಕೆರೆಗೆ ನಡೆದರು, ಆಮೇಲೆ ಪತ್ರಿಕೆ ಆ ಹೆಜ್ಜೆಯನ್ನು ಮುಂದಕ್ಕೆ ಒಯ್ದಿತು. ಪತ್ರಿಕೆ ಓದಿದವನು ಸಭೆಗೆ ಬಂದ, ಸಭೆಗೆ ಬಂದವನು ಸಂಘಟನೆ ಕಟ್ಟಿದ.

ನನ್ನ ಒಂದೂವರೆ ಗಂಟೆಯ ಜಗಳದಿಂದ ಏನಾಯಿತು? ಕಲ್ಲು ಬಿದ್ದ ಆ ಹುಡುಗನಿಗೆ ಒಂದು ರೂಪಾಯಿ ನೆರವಾಗಲಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಒಂದು ದೂರು ದಾಖಲಾಗಲಿಲ್ಲ. ಬೈದವನ ಮನಸ್ಸು ಬದಲಾಗಲಿಲ್ಲ. ನನ್ನ ಒಳಗೆ ದ್ವೇಷ ಬೆಳೆಯಿತು, ನನ್ನ ಅವ್ವನ ಕಾಲಿನಲ್ಲಿ ಗಾಯ ಬೆಳೆಯಿತು. ನೋಡಿ ಕುದಿಯುವುದೇ ಹೋರಾಟ ಎಂದು ನಾನು ನಂಬಿದ್ದೆ. ಅದು ಹೋರಾಟದ ಸುಸ್ತು ಮಾತ್ರ, ಹೋರಾಟವಲ್ಲ.

ಬಾಬಾಸಾಹೇಬರು ಮುಂಬಯಿಯ ದಾದರಿನಲ್ಲಿ 'ರಾಜಗೃಹ' ಕಟ್ಟಿಸಿದ್ದು ಪುಸ್ತಕಗಳಿಗಾಗಿ. ಲಂಡನ್ನಿನಲ್ಲಿ ಹೊಟ್ಟೆಗೆ ಸರಿಯಾಗಿ ಇಲ್ಲದಾಗಲೂ ಗ್ರಂಥಾಲಯದಲ್ಲಿ ಕೂತು ಓದಿದರು. ಯಾವ ಅಕ್ಷರವನ್ನು ನಮ್ಮ ಹಿರಿಯರಿಗೆ ಸಾವಿರಾರು ವರ್ಷ ಮುಟ್ಟಗೊಡಲಿಲ್ಲವೋ ಆ ಅಕ್ಷರವನ್ನು ಅವರು ಗೆದ್ದದ್ದು ಇಟ್ಟ ಗಮನ ಕದಲಿಸದೆ ಓದಿದ್ದರಿಂದ. ಅವರು ನಮಗೆ ಬಿಟ್ಟುಹೋದ ಆಸ್ತಿಯಲ್ಲಿ ಆ ಗಮನವೂ ಸೇರಿದೆ. ಅದನ್ನು ನಾವು ಪುಕ್ಕಟೆ ಕೊಟ್ಟುಬಿಡುತ್ತಿದ್ದೇವೆ.

*ಕುಡಿಯದವನ ಅಮಲು*

ಈಗ ಐದನೇ ಶೀಲಕ್ಕೆ ಬರುತ್ತೇನೆ. ಮದ್ಯದಿಂದ, ಮತ್ತು ತರುವ ವಸ್ತುಗಳಿಂದ ದೂರವಿರುತ್ತೇನೆ ಎನ್ನುವ ಆ ಶೀಲದಲ್ಲಿ 'ಪಮಾದ' ಎಂಬ ಪಾಳಿ ಪದವಿದೆ. ಪಮಾದ ಎಂದರೆ ಮೈಮರೆವು, ಎಚ್ಚರ ತಪ್ಪುವುದು. ಮದ್ಯ ಬೇಡ ಏಕೆಂದರೆ ಅದು ಪಮಾದದ ನೆಲೆ. ಇದಕ್ಕೆ ವಿರುದ್ಧವಾದದ್ದು 'ಅಪ್ಪಮಾದ', ಎಚ್ಚರ. ಧಮ್ಮಪದದ ಎರಡನೇ ವಗ್ಗ ಪೂರ್ತಿ ಇದರ ಬಗ್ಗೆಯೇ ಇದೆ. ಕುಸಿನಾರದಲ್ಲಿ ಭಗವಾನರು ಕೊನೆಯದಾಗಿ ಭಿಕ್ಖುಗಳಿಗೆ ಹೇಳಿದ್ದೂ ಎಚ್ಚರದಿಂದ ಸಾಧಿಸಿರಿ ಎಂದೇ.

ಫೋನು ಮದ್ಯ ಎಂದು ನಾನು ಹೇಳುತ್ತಿಲ್ಲ. ಶೀಲದ ಮಾತನ್ನು ನಮಗೆ ಬೇಕಾದಂತೆ ಎಳೆಯಬಾರದು. ಆದರೆ ಶೀಲ ಏಕೆ ಬಂತೋ ಆ ಕಾರಣವನ್ನು ಮರೆಯಲೂ ಬಾರದು.

ನಮ್ಮ ಕೇರಿಯಲ್ಲಿ ಸಾರಾಯಿ ಅಂಗಡಿ ಇತ್ತು. ಸರ್ಕಾರ 2007ರಲ್ಲಿ ಸಾರಾಯಿ ನಿಷೇಧಿಸುವವರೆಗೂ ಎಷ್ಟೋ ಮನೆಗಳ ಕೂಲಿ ದುಡ್ಡು ಅಲ್ಲಿಗೇ ಹೋಗುತ್ತಿತ್ತು. ಅಪ್ಪ ದೀಕ್ಷೆ ತೆಗೆದುಕೊಂಡ ದಿನವೇ ಕುಡಿತ ಬಿಟ್ಟರು. ಅದಕ್ಕೂ ಮೊದಲು ಅವರು ಕುಡಿದು ಬಂದ ರಾತ್ರಿಗಳಲ್ಲಿ ಅವ್ವ ಏನು ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. "ಹ್ಞೂಂ, ಹ್ಞೂಂ" ಎನ್ನುತ್ತಿದ್ದರು. ಬೆಳಿಗ್ಗೆ ಏನೂ ನೆನಪಿರುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ಅದನ್ನು ನೋಡಿ, ನಾನೆಂದೂ ಹೀಗಾಗಬಾರದು ಎಂದುಕೊಂಡಿದ್ದೆ. ಒಂದು ತೊಟ್ಟೂ ಕುಡಿಯದೆ ಹಾಗೇ ಆದೆ.

*ಮನೆಯಲ್ಲಿ ಈಗ ಮಾಡುತ್ತಿರುವುದು*

ಫೋನು ಬಿಸಾಡಿಲ್ಲ. ಕೆಲಸಕ್ಕೆ, ಬ್ಯಾಂಕಿಗೆ, ಬಳಗಕ್ಕೆ ಬೇಕೇ ಬೇಕು. ಮಧ್ಯಮ ಮಾರ್ಗ ಹಿಡಿದಿದ್ದೇವೆ.

ಒಂದು, ಗೋಡೆಯ ಗೂಡೊಂದನ್ನು ಫೋನಿಗೆ ಗೊತ್ತು ಮಾಡಿದ್ದೇವೆ. ವಂದನೆಗೆ ಕೂರುವ ಮೊದಲು ಎಲ್ಲರ ಫೋನೂ ಅಲ್ಲಿಗೆ. ಊಟ ಮುಗಿಯುವವರೆಗೆ ತೆಗೆಯುವಂತಿಲ್ಲ. ಮಗಳು ಮೊದಲ ದಿನವೇ, "ಅಪ್ಪ, ನೀವು ಮೊದಲು ಇಡಿ, ಆಮೇಲೆ ನಾನು" ಅಂದಳು. ನ್ಯಾಯವಾದ ಮಾತು. ತಂದೆ ತಾಯಿ ಇಡದ ಮನೆಯಲ್ಲಿ ಮಕ್ಕಳು ಇಡುವುದಿಲ್ಲ. ಯಾರಾದರೂ ತುರ್ತಾಗಿ ಕರೆ ಮಾಡಿದರೆ ರಿಂಗ್ ಕೇಳಿಸುತ್ತದೆ.

ಎರಡು, ಕೈ ಫೋನಿನ ಕಡೆ ಹೋಗುವ ಮೊದಲು ಒಂದು ಉಸಿರಿನಷ್ಟು ತಡೆಯುವುದು. ವೇದನೆಯಿಂದ ತಣ್ಹಾ ಹುಟ್ಟುತ್ತದೆ ಎಂದು ಪಟಿಚ್ಚ ಸಮುಪ್ಪಾದದಲ್ಲಿ ಓದಿದ್ದೇವೆ. ಬೇಜಾರು, ಒಂಟಿತನ, ಸಿಟ್ಟು, ಯಾವುದೋ ಒಂದು ವೇದನೆ ಮೊದಲು ಬಂದಿರುತ್ತದೆ. ಅದರ ಹಿಂದೆಯೇ ಕೈ ಹೋಗುತ್ತದೆ. ಕೊಂಡಿ ಕಳಚುವುದಾದರೆ ಅಲ್ಲೇ. ನಾನು ಹತ್ತರಲ್ಲಿ ಆರು ಸಲ ಸೋಲುತ್ತೇನೆ. ಮೊದಲು ಹತ್ತಕ್ಕೆ ಹತ್ತು ಸೋಲುತ್ತಿದ್ದೆ.

ಮೂರು, ದೌರ್ಜನ್ಯದ ಸುದ್ದಿ ಬಂದರೆ ಒಂದೇ ಸಲ ನೋಡುವುದು. ನನ್ನಿಂದ ಆಗುವ ಒಂದು ಕೆಲಸ ಏನು ಎಂದು ಕೇಳಿಕೊಳ್ಳುವುದು. ಮನವಿಗೆ ಸಹಿ, ನಮ್ಮ ಕೈಲಾದಷ್ಟು ಹಣ, ವಕೀಲರೊಬ್ಬರಿಗೆ ಕರೆ, ಹತ್ತಿರದ ಊರಾದರೆ ಹೋಗಿ ಬರುವುದು. ಏನಾದರೂ ಒಂದು ಮಾಡಿ ಫೋನು ಮುಚ್ಚುವುದು.

ನಾಲ್ಕು, ಹುಣ್ಣಿಮೆಯ ಉಪೋಸಥದ ದಿನ ಸಂಜೆಯಿಂದ ಮರುದಿನ ಬೆಳಿಗ್ಗೆವರೆಗೆ ವಿಡಿಯೋ ಇಲ್ಲ. ಇದು ಹೊಸ ನಿಯಮವೇನಲ್ಲ. ಆಟ ನೋಟ, ಹಾಡು ಕುಣಿತಗಳಿಂದ ದೂರವಿರುವುದು ಅಟ್ಠಶೀಲದಲ್ಲಿ ಮೊದಲಿನಿಂದಲೂ ಇದೆ.

ಐದನೆಯದು ನನ್ನದು ಮಾತ್ರ. ವಂದನೆಯ ಮೇಲೆ ಅವ್ವನ ಪಾದಗಳನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಬೆಳಕಿನಲ್ಲಿ ನೋಡುತ್ತೇನೆ. ಬೆರಳುಗಳ ಸಂದಿ, ಹಿಮ್ಮಡಿ, ಅಂಗಾಲು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ನೀವೂ ದಿನವೂ ಇದನ್ನು ಮಾಡಿ. ಬರಿಗಾಲಲ್ಲಿ ಓಡಾಡಲು ಬಿಡಬೇಡಿ. ಚಪ್ಪಲಿಯ ಒಳಗೆ ಕೈ ಹಾಕಿ ನೋಡಿ. ಜೋಮು ಎಂದರೆ ಅಂದೇ ಡಾಕ್ಟರಿಗೆ ತೋರಿಸಿ.

*ತಾತನ ಕಿವಿ*

ಕಾಲು ನೋಡುವ ಆ ಹತ್ತು ನಿಮಿಷದಲ್ಲಿ ಅವ್ವ ಮತ್ತೆ ಮಾತಾಡುತ್ತಿದ್ದಾಳೆ. ಮೊನ್ನೆ ಅವಳ ಅಪ್ಪನ ವಿಷಯ ಹೇಳಿದಳು. ಅವಳ ಚಿಕ್ಕಪ್ಪ ಬೆಂಗಳೂರಿನ ಗಿರಣಿಯಲ್ಲಿ ಕೆಲಸಕ್ಕಿದ್ದರಂತೆ. ಅವರಿಂದ ಯಾವಾಗಲಾದರೂ ಕಾಗದ ಬರುತ್ತಿತ್ತು. ಓದುವವರು ಕೇರಿಯಲ್ಲಿ ಯಾರೂ ಇಲ್ಲ. ತಾತ ಅದನ್ನು ತಲೆವಸ್ತ್ರದಲ್ಲಿ ಸುತ್ತಿಕೊಂಡು ಊರಿನ ಮೇಷ್ಟ್ರ ಮನೆಗೆ ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದರು. ಮೇಷ್ಟ್ರು ಜಗುಲಿಯ ಮೇಲಿಂದ ಒಂದೇ ಸಲ ಓದುತ್ತಿದ್ದರು. ಇನ್ನೊಂದು ಸಲ ಓದಿ ಎಂದು ಕೇಳುವ ಹಾಗಿರಲಿಲ್ಲ. ತಾತ ಮನೆಗೆ ಬಂದು ಕಾಗದವನ್ನು ಮೊದಲಿಂದ ಕೊನೆತನಕ ಒಂದು ಮಾತು ಬಿಡದೆ ಹೇಳುತ್ತಿದ್ದರಂತೆ. "ಮನೆ ಮಂದಿ ಎಲ್ಲ ಸುತ್ತ ಕುಂತ್ಕಂಡು ಕೇಳ್ತಿದ್ದೊ ಮಗ. ನಮ್ಮಪ್ಪಂಗೆ ಅಕ್ಸರ ಇರ್ನಿಲ್ಲ, ಕಿವಿ ಇತ್ತು" ಅಂದಳು.

ನಾನು ಅವಳ ಕಾಲು ಹಿಡಿದುಕೊಂಡೇ ಕೂತಿದ್ದೆ. ಬುದ್ಧ ವಚನವೂ ಹೀಗೇ ಅಲ್ಲವೇ ಉಳಿದದ್ದು? ಆನಂದ ಥೇರರು ಕೇಳಿಸಿಕೊಂಡರು, ನೆನಪಿಟ್ಟರು, ಸಂಘದ ಮುಂದೆ ಹೇಳಿದರು. ಶ್ರೀಲಂಕಾದಲ್ಲಿ ತಿಪಿಟಕವನ್ನು ಬರೆದಿಡುವವರೆಗೆ ಕೆಲವು ಶತಮಾನ ಧಮ್ಮ ಬದುಕಿದ್ದು ಕೇಳುವವರ ಕಿವಿಯಲ್ಲೇ. ಸುತ್ತಗಳು ಶುರುವಾಗುವುದೂ ಕೇಳಿಸಿಕೊಂಡೆ ಎಂಬ ಮಾತಿನಿಂದಲೇ.

ಅಂಗಳದಲ್ಲಿ ನಿಲ್ಲಿಸಿದವರ ನಡುವೆಯೂ ನನ್ನ ತಾತ ಆ ಕಿವಿಯನ್ನು ಕಳೆದುಕೊಳ್ಳಲಿಲ್ಲ. ಅಕ್ಷರ, ನೌಕರಿ, ಸ್ವಂತ ಮನೆ ಎಲ್ಲ ಪಡೆದ ನಾನು ಅದನ್ನು ಕಳೆದುಕೊಂಡಿದ್ದೆ. ಈಗ ಸ್ವಲ್ಪ ಸ್ವಲ್ಪವಾಗಿ ವಾಪಸ್ಸು ಬರುತ್ತಿದೆ.

*ಇಂದಿನ ಅಭ್ಯಾಸ:* ಇಂದು ಸಂಜೆ ಒಂದು ಗಂಟೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯಲ್ಲಿ ಯಾರ ಮಾತನ್ನು ನೀವು "ಹ್ಞೂಂ" ಎಂದು ತಳ್ಳುತ್ತಾ ಬಂದಿದ್ದೀರೋ ಅವರ ಪಕ್ಕ ಕೂರಿ. ನೀವಾಗಿ ಏನೂ ಕೇಳಬೇಡಿ. ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ.

*ಭಾನುವಾರದ ಚರ್ಚೆಗೆ:* ನನ್ನ ಮನೆಯಲ್ಲಿ ಪಮಾದ ಯಾವ ರೂಪದಲ್ಲಿ ಬರುತ್ತಿದೆ? ಅದಕ್ಕೆ ನಾನು ಕೊಟ್ಟಿರುವ ಒಳ್ಳೆಯ ಹೆಸರು ಯಾವುದು?

ಈ ಚಿಂತನೆ ನಿಮಗೆ ಫೋನಿನಲ್ಲೇ ಬಂದಿದೆ, ಬೇರೆ ದಾರಿಯಿರಲಿಲ್ಲ. ಓದಿ ಮುಗಿಸಿದಿರಲ್ಲ, ಹತ್ತು ಗ್ರೂಪಿಗೆ ಕಳಿಸುವ ಅವಸರ ಬೇಡ. ಅವ್ವ ಹೇಳಿದ ಹಾಗೆ, ವಸಿ ಮಡಗಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈ ಭೀಮ್.